ಯಾವ ಗೀರು ಕಾಲದ್ದು, ಯಾವ ಗೀರು ಕಲಾವಿದನದು?

(ಫಿಲ್ಮ್ ಸೊಸೈಟಿಯೊಂದರಲ್ಲಿ ಚಿತ್ರ ಪ್ರದರ್ಶನಕ್ಕೆ ಮುನ್ನ ಮಾಡಿದ ಭಾಷಣದ ಬರಹರೂಪ)



ಟೂರಿಂಗ್ ಟಾಕೀಸಿನ ಕಾಲ ಕಂಡ ಹಿರಿಯರು ಇಲ್ಲಿದ್ದೀರಿ. ಸವೆದ ಪ್ರಿಂಟ್ ಊರಿಗೆ ಬಂದರೆ ಪರದೆಯ ತುಂಬ ಉದ್ದುದ್ದ ಗೀರುಗಳು. ‘ಮಳೆ ಬರ್ತಾ ಇದೆ’ ಎಂದು ಜನ ನಗುತ್ತಿದ್ದರಂತೆ. ಇಂದು ಆ ಮಳೆಯನ್ನು ಕಂಪ್ಯೂಟರ್ ನಿಲ್ಲಿಸಬಲ್ಲದು. ಹಳೆಯ ಚಿತ್ರಗಳು ಹೊಸ ಹೊಳಪಿನೊಂದಿಗೆ ಚಿತ್ರಮಂದಿರಕ್ಕೆ ಮರಳುತ್ತಿವೆ. ಸಂತೋಷವೇ. ಆದರೆ ಗೀರೇ ಚಿತ್ರವಾಗಿದ್ದರೆ ಏನು ಮಾಡುವುದು?

ನ್ಯೂಜಿಲೆಂಡ್ ಮೂಲದ ಲೆನ್ ಲೈ 1958ರಲ್ಲಿ ‘ಫ್ರೀ ರ‍್ಯಾಡಿಕಲ್ಸ್’ ಎಂಬ ಕಿರುಚಿತ್ರ ಮಾಡಿದರು. ಅದಕ್ಕೆ ಕ್ಯಾಮೆರಾವೇ ಬೇಕಾಗಲಿಲ್ಲ. ಕಪ್ಪು ಫಿಲ್ಮಿನ ಮೇಲೆ ಸೂಜಿಯಂಥ ಮೊನಚು ಸಾಧನಗಳಿಂದ ಗೀರಿದರು. ಆಫ್ರಿಕಾದ ಡೋಲಿನ ಲಯಕ್ಕೆ ಆ ಬಿಳಿ ಗೆರೆಗಳು ಕುಣಿಯುತ್ತವೆ. ಆಸ್ಟ್ರಿಯಾದ ಪೀಟರ್ ಕುಬೆಲ್ಕಾ ಅವರ ‘ಆರ್ನುಲ್ಫ್ ರೈನರ್’ (1960) ಚಿತ್ರದಲ್ಲಿ ಇರುವುದು ಬರೀ ಕಪ್ಪು ಮತ್ತು ಬಿಳಿ ಚೌಕಟ್ಟುಗಳು, ಸದ್ದು ಮತ್ತು ಮೌನ. ಬೆಳಕಿನ ಮಿಣುಕಾಟವೇ ಅದರ ಕಥೆ. ಗೀರು ಅಳಿಸುವ, ಮಿಣುಕು ತಗ್ಗಿಸುವ ತಂತ್ರಾಂಶಕ್ಕೆ ಇಂಥ ಚಿತ್ರಗಳನ್ನು ಕಣ್ಣುಮುಚ್ಚಿ ಒಪ್ಪಿಸಿದರೆ ರೋಗದ ಜತೆ ರೋಗಿಯೂ ಹೋಗುತ್ತಾನೆ.

ಹಾಗೆಂದು ಮುಟ್ಟದೆ ಬಿಡುವಂತೆಯೂ ಇಲ್ಲ. ಅಸಿಟೇಟ್ ಫಿಲ್ಮ್ ಸೆಖೆ, ತೇವಕ್ಕೆ ಸಿಕ್ಕಿದರೆ ಕೊಳೆಯತೊಡಗುತ್ತದೆ. ಡಬ್ಬಿ ತೆರೆದರೆ ವಿನೆಗರಿನ ಹುಳಿ ವಾಸನೆ ಬರುತ್ತದೆ. ಫಿಲ್ಮ್ ಕುಗ್ಗಿ ಸುರುಟಿಕೊಳ್ಳುತ್ತದೆ. ಜನಪ್ರಿಯ ಚಿತ್ರಕ್ಕೆ ಹತ್ತಾರು ಪ್ರಿಂಟ್ ಇರುತ್ತಿದ್ದವು, ಒಂದು ಹೋದರೆ ಇನ್ನೊಂದು. ಪ್ರಯೋಗಶೀಲ ಚಿತ್ರಕ್ಕೆ ಇರುತ್ತಿದ್ದುದೇ ಬೆರಳೆಣಿಕೆಯಷ್ಟು. ಅದರಿಂದ ಲಾಭವಿಲ್ಲವಾದ್ದರಿಂದ ಕಾಯುವವರೂ ಕಡಿಮೆ.

ನಮ್ಮ ನೆರೆಯ ಕೇರಳದ ಉದಾಹರಣೆ ನೋಡೋಣ. ಜಿ. ಅರವಿಂದನ್ ಅವರ ‘ತಂಬು’ 1978ರ ಚಿತ್ರ. ಹಳ್ಳಿಯೊಂದಕ್ಕೆ ಸರ್ಕಸ್ ಬರುತ್ತದೆ, ಕೆಲವು ದಿನವಿದ್ದು ಹೋಗುತ್ತದೆ. ಕಥೆಯೆಂದು ಹೇಳಬಹುದಾದ್ದು ಇಷ್ಟೇ. ಸರ್ಕಸ್ಸಿನವರು, ಊರಿನವರು ತಾವು ತಾವಾಗಿಯೇ ಪರದೆಯ ಮೇಲಿದ್ದಾರೆ. ಇದರ ಮೂಲ ನೆಗೆಟಿವ್ ಉಳಿಯಲೇ ಇಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಪ್ರಿಂಟನ್ನೇ ಆಧಾರವಾಗಿಟ್ಟು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿದೇಶಿ ಸಂಸ್ಥೆಗಳು ಚೆನ್ನೈ ಹಾಗೂ ಇಟಲಿಯ ಬೊಲೋನ್ಯಾದಲ್ಲಿ ಅದನ್ನು ದುರಸ್ತಿ ಮಾಡಿದವು. 2022ರಲ್ಲಿ ಕಾನ್ ಉತ್ಸವದ ಪರದೆಯ ಮೇಲೆ ‘ತಂಬು’ ಮರುಹುಟ್ಟು ಪಡೆಯಿತು.

ಇಲ್ಲಿ ಗಮನಿಸಬೇಕಾದ್ದೊಂದಿದೆ. ಅರವಿಂದನ್ 1991ರಲ್ಲೇ ತೀರಿಕೊಂಡಿದ್ದರು. ಆದರೆ ಛಾಯಾಗ್ರಾಹಕ ಶಾಜಿ ಎನ್. ಕರುಣ್ ಇದ್ದರು. ಕಪ್ಪು ಎಷ್ಟು ಕಪ್ಪಾಗಿತ್ತು, ಬಿಸಿಲು ಎಷ್ಟು ಬೆಳ್ಳಗಿತ್ತು ಎಂದು ಹೇಳಬಲ್ಲ ಕಣ್ಣು ಅವರದು. 2025ರಲ್ಲಿ ಅವರೂ ಹೋದರು. ನಮ್ಮ ‘ಘಟಶ್ರಾದ್ಧ’ (1977) ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಉತ್ಸವದಲ್ಲಿ ಪ್ರದರ್ಶನವಾದಾಗ ನಿರ್ದೇಶಕ ಗಿರೀಶ ಕಾಸರವಳ್ಳಿ ನಮ್ಮ ನಡುವೆ ಇದ್ದರು; ಛಾಯಾಗ್ರಾಹಕ ಎಸ್. ರಾಮಚಂದ್ರ ಇರಲಿಲ್ಲ.

ಇಷ್ಟೆಲ್ಲ ಶ್ರಮ ಮೊಬೈಲಿನಲ್ಲಿ ನೋಡುವುದಕ್ಕೆ ಸಾಲದೆ ಎಂದು ಗೆಳೆಯರು ಕೇಳುತ್ತಾರೆ. ಸಾಲದು. ಕುಬೆಲ್ಕಾ ಅವರ ಬೆಳಕು ಕತ್ತಲ ಸಭಾಂಗಣದ ಗೋಡೆಗಳ ಮೇಲೆ, ಪಕ್ಕದವರ ಮುಖದ ಮೇಲೆ ಬೀಳಬೇಕು. ಅಂಗೈಯಲ್ಲಿ ಅದು ಕೆಟ್ಟ ಟ್ಯೂಬ್‌ಲೈಟಿನಂತೆ ಕಂಡೀತು. ಅಷ್ಟೇ ಅಲ್ಲ, ದುರಸ್ತಿಯಾದ ಚಿತ್ರವನ್ನು ಹಾರ್ಡ್ ಡಿಸ್ಕಿಗೆ ತುಂಬಿದರೆ ಕೆಲಸ ಮುಗಿಯಲಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸುತ್ತಲೇ ಇರಬೇಕು. ತಂಪಾದ, ಒಣಗಿದ ಜಾಗದಲ್ಲಿಟ್ಟ ಫಿಲ್ಮ್ ಅದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ. ಆದ್ದರಿಂದ ಹಳೆಯ ರೀಲನ್ನು ಎಸೆಯುವಂತಿಲ್ಲ.

ನಾನು ಪ್ರಯೋಗಾಲಯದವನಲ್ಲ, ವರದಿಗಾರ. ನನ್ನ ಕೈಲಾಗುವುದು ಕೇಳಿ ಬರೆದುಕೊಳ್ಳುವುದು. ನಮ್ಮ ಪ್ರಯೋಗಶೀಲ ಚಿತ್ರಗಳಿಗೆ ದುಡಿದ ಛಾಯಾಗ್ರಾಹಕರು, ಸಂಕಲನಕಾರರು, ಲ್ಯಾಬಿನ ಕೆಲಸಗಾರರು ಇನ್ನೂ ಕೆಲವರಿದ್ದಾರೆ. ಈ ಗೀರು ನಿಮ್ಮದೋ ಕಾಲದ್ದೋ ಎಂದು ಅವರನ್ನು ಇಂದೇ ಕೇಳಿ ದಾಖಲಿಸಬೇಕು. ಯಂತ್ರ ನಾಳೆಯೂ ಸಿಗುತ್ತದೆ. ಉತ್ತರ ಹೇಳುವವರು ಸಿಗುವುದಿಲ್ಲ.