ಉಚ್ಚ ವ್ಯಾಸಂಗವೂ ವಾಸದ ನೆಲೆಯೂ



ಮಗನಾಗಲಿ ಮಗಳಾಗಲಿ ಪದವಿಯನ್ನು ಪಡೆದು ಮನೆಗೆ ಬಂದು, ಇನ್ನೂ ಓದಬೇಕೆಂಬ ಇಚ್ಛೆಯನ್ನು ತಿಳಿಸಿದೊಡನೆ ಎರಡು ಪ್ರಶ್ನೆಗಳು ಹುಟ್ಟುವವು. ಯಾವ ವಿಶ್ವವಿದ್ಯಾಲಯದಲ್ಲಿ ಯಾವ ವಿಷಯವನ್ನು ಅಭ್ಯಸಿಸಬೇಕೆಂಬುದು ಒಂದು. ಆ ಪರಸ್ಥಳದಲ್ಲಿ ಎಲ್ಲಿ ಇರಬೇಕು, ಏನನ್ನು ಉಣ್ಣಬೇಕು, ರಾತ್ರಿ ಯಾವ ಧೈರ್ಯದಿಂದ ಕಣ್ಣು ಮುಚ್ಚಬೇಕೆಂಬುದು ಇನ್ನೊಂದು. ಮೊದಲನೆಯದನ್ನು ತರುಣರು ಗೆಳೆಯರೊಡನೆ ಪಡಸಾಲೆಯಲ್ಲಿ ಚರ್ಚಿಸುತ್ತಾರೆ. ಎರಡನೆಯದನ್ನು ತಾಯಿತಂದೆಗಳು ಅಡಿಗೆಮನೆಯಲ್ಲಿ ಮೆಲುದನಿಯಲ್ಲಿ ಆಡಿಕೊಳ್ಳುತ್ತಾರೆ. ಒಂದೇ ಮನೆಯೊಳಗಿನ ಈ ಎರಡು ವಿಚಾರಗಳು ಕೂಡುವುದೇ ಅಪರೂಪವಾಗಿದೆ. ಆದರೆ ನಮ್ಮ ಸಮಾಜದ ವಿದ್ಯಾಪ್ರಸಾರದ ಇತಿಹಾಸವನ್ನು ನೋಡಿದರೆ, ಹಿರಿಯರು ಇವೆರಡನ್ನೂ ಎಂದೂ ಬೇರ್ಪಡಿಸಿದವರಲ್ಲ.

೧೮೮೩ರಲ್ಲಿ ಅರಟಾಳ ರುದ್ರಗೌಡರೇ ಮೊದಲಾದವರು ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಸ್ಥಾಪಿಸಿದಾಗ ಮುಂಬಯಿ ಕರ್ನಾಟಕದಲ್ಲಿ ಪದವಿಯ ಕಾಲೇಜೊಂದೂ ಇರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು ೧೯೧೭ರಲ್ಲಿ. ತತ್ಪೂರ್ವದಲ್ಲಿ ಉಚ್ಚ ಶಿಕ್ಷಣವನ್ನು ಬಯಸಿದವನು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ವಚನಗಳ ಉದ್ಧಾರಕ್ಕಾಗಿ ಬಾಳನ್ನೇ ಸವೆಸಿದ ಫ. ಗು. ಹಳಕಟ್ಟಿಯವರು ಪದವಿಗಾಗಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದವರು. ಅನ್ಯ ಭಾಷೆಯ ಊರು, ಜಾತಿ ಕೇಳದೆ ಮನೆ ಕೊಡದ ಬೀದಿ, ಪಂಕ್ತಿಭೇದದ ಖಾನಾವಳಿ—ಇವುಗಳೆದುರು ಬುದ್ಧಿವಂತನಾದ ಬಡ ಹುಡುಗನು ಏನು ಮಾಡಬಲ್ಲನು? ಕೊಲ್ಲಾಪುರದ ಶಾಹೂ ಮಹಾರಾಜರು ಈ ಕಷ್ಟವನ್ನು ಅರಿತೇ ೧೯೦೧ರಿಂದ ಮೊದಲುಗೊಂಡು ಒಂದೊಂದು ಸಮಾಜದ ವಿದ್ಯಾರ್ಥಿಗಳಿಗೆ ಒಂದೊಂದು ವಸತಿಗೃಹವನ್ನು ತೆರೆಯಿಸಿದರು. ಲಿಂಗಾಯತ ವಿದ್ಯಾರ್ಥಿಗಳ ವಸತಿಗೃಹವೂ ಅವುಗಳಲ್ಲೊಂದು. ೧೯೦೬ರಲ್ಲಿ ಲಿಂಗೈಕ್ಯರಾದ ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಪ್ರವಾಸಿಗರಿಗೆ ಛತ್ರವನ್ನು ಕಟ್ಟಿಸಿದರು, ಅವರ ಧರ್ಮದತ್ತಿಯಿಂದ ವಿದ್ಯಾರ್ಥಿಗಳಿಗೆ ನಿಲಯವೂ ದೊರೆಯಿತು. ಧಾರವಾಡದ ಮುರುಘಾಮಠ, ಸಿದ್ಧಗಂಗೆ, ಸುತ್ತೂರು, ನಾಗನೂರು ಮೊದಲಾದ ಮಠಗಳು ಭಕ್ತರ ಮನೆಯ ಜೋಳ ರಾಗಿಗಳನ್ನೇ ಬೇಡಿ ತಂದು ಪ್ರಸಾದನಿಲಯಗಳನ್ನು ನಡೆಯಿಸಿದವು. ಸಿದ್ಧಗಂಗೆಯ ಪಂಕ್ತಿಯಲ್ಲಿ ಜಾತಿಯನ್ನು ಕೇಳಲಿಲ್ಲವೆಂಬುದನ್ನು ಇಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ಶಾಲೆಯ ಮುಂದೆ ಒಲೆಯನ್ನು ಹೂಡಿದ ಮೇಲೆಯೇ ಶಾಲೆಯು ಬಡವನದಾಯಿತು.

ಆದರೆ ಆ ನಿಲಯಗಳಲ್ಲಿ ಬಹುತೇಕವು ಗಂಡುಮಕ್ಕಳಿಗಾಗಿ ಹುಟ್ಟಿದವು. ಅದರಲ್ಲಿಯೂ ಶಾಲೆಯ ಮತ್ತು ಪ್ರಾರಂಭದ ಕಾಲೇಜಿನ ಹುಡುಗರಿಗಾಗಿ. ಹತ್ತು ವರ್ಷದ ಬಾಲಕನಿಗೆ ಪಂಕ್ತಿಯಲ್ಲಿ ಎಡೆಯುಂಟು. ಇಪ್ಪತ್ತೆರಡು ವರ್ಷದ ತರುಣಿಯೊಬ್ಬಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬೇಕೆಂದು ಹೊರಟರೆ ಅವಳಿಗೆ ಎಡೆಯೆಲ್ಲಿ? ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿನಿಯರ ನಿಲಯಗಳಿಲ್ಲವೆಂದಲ್ಲ. ಆದರೆ ಪ್ರವೇಶದ ಪಟ್ಟಿ ಹೊರಬಿದ್ದ ಕೆಲವೇ ದಿನಗಳಲ್ಲಿ ಶುಲ್ಕವನ್ನು ತುಂಬಬೇಕು. ನಿಲಯದ ಕೊಠಡಿಯ ಹಂಚಿಕೆಯಾದರೋ ಪ್ರವೇಶವೆಲ್ಲ ಮುಗಿದ ಮೇಲೆ, ಅನೇಕ ವೇಳೆ ವಾರಗಳು ಕಳೆದ ಮೇಲೆ ನಡೆಯುತ್ತದೆ. ಈ ನಡುವಣ ವಾರಗಳಲ್ಲಿಯೇ ಎಷ್ಟೋ ಹೆಣ್ಣುಮಕ್ಕಳ ಮುಂದಿನ ಓದು ನಿಂತುಹೋಗುತ್ತದೆ. “ಇರುವ ಜಾಗ ಮೊದಲು ತೋರಿಸು, ಆಮೇಲೆ ದುಡ್ಡು ಕಟ್ಟುವ ಮಾತು” ಎನ್ನುವ ತಂದೆಯನ್ನು ಹಳಬನೆಂದು ಹೀಯಾಳಿಸುವುದು ಸುಲಭ. ಅವನ ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇಲ್ಲ. ಕೊನೆಗೆ ಮಗಳು ಸಮೀಪದ ಊರಿನಲ್ಲಿ ಬಿ.ಎಡ್. ಸೇರುತ್ತಾಳೆ. ಶಿಕ್ಷಕವೃತ್ತಿ ಪೂಜ್ಯವಾದದ್ದೇ, ಆದರೆ ಅದನ್ನು ಒಲಿದು ಆರಿಸಿಕೊಳ್ಳುವುದು ಬೇರೆ, ಕೊಠಡಿ ಸಿಕ್ಕಲಿಲ್ಲವೆಂದು ಆರಿಸಿಕೊಳ್ಳುವುದು ಬೇರೆ.

ಇನ್ನು ವ್ಯಾಸಂಗದ ಆಯ್ಕೆಯ ವಿಚಾರ. ೧೯೫೬ರ ವಿಶ್ವವಿದ್ಯಾಲಯ ಅನುದಾನ ಆಯೋಗದ ಕಾಯಿದೆಯ ಮೇರೆಗೆ ಪದವಿ ಕೊಡುವ ಅಧಿಕಾರವು ಆ ಸಂಸ್ಥೆಗೆ ಉಂಟೋ ಇಲ್ಲವೋ ಎಂಬುದನ್ನು ಮೊಟ್ಟಮೊದಲು ನೋಡತಕ್ಕದ್ದು. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. ೧೯೯೪ರಲ್ಲಿ ಸ್ಥಾಪಿತವಾದ ನ್ಯಾಕ್ ಮಂಡಲಿಯು ಕೊಡುವ ಶ್ರೇಣಿಯನ್ನು ದೊಡ್ಡ ಅಕ್ಷರಗಳಲ್ಲಿ ಹೆಬ್ಬಾಗಿಲಿಗೆ ತೂಗುಹಾಕುವ ರೂಢಿಯುಂಟು. ಆ ಶ್ರೇಣಿ ಇಡೀ ಸಂಸ್ಥೆಗೆ ಸಂದದ್ದೇ ಹೊರತು ಒಂದೊಂದು ವಿಭಾಗಕ್ಕಲ್ಲ. ಹೆಸರಾಂತ ವಿಶ್ವವಿದ್ಯಾಲಯದಲ್ಲಿಯೂ ಖಾಯಂ ಅಧ್ಯಾಪಕರು ಒಬ್ಬಿಬ್ಬರೇ ಉಳಿದು, ಅತಿಥಿ ಉಪನ್ಯಾಸಕರಿಂದಲೇ ಪಾಠ ಸಾಗುವ ವಿಭಾಗಗಳಿವೆ. ಆದಕಾರಣ ವಿಭಾಗದ ಬಾಗಿಲವರೆಗೆ ಹೋಗಿ, ಕಲಿಸುವವರು ಎಷ್ಟು ಮಂದಿ, ಪ್ರಯೋಗಶಾಲೆ ನಡೆಯುತ್ತಿದೆಯೇ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಹಿಂದಿನ ಎರಡು ವರ್ಷ ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಎಂದು ಕೇಳಬೇಕು. ಪಿಎಚ್.ಡಿ. ಬಯಸುವವರು ಮಾರ್ಗದರ್ಶಕರ ವಿಷಯವನ್ನೂ ವಿಚಾರಿಸುವುದು ಅವಶ್ಯ. ೨೦೨೨ರ ನಿಯಮದಂತೆ ಪ್ರಾಧ್ಯಾಪಕರು ೮, ಸಹಪ್ರಾಧ್ಯಾಪಕರು ೬, ಸಹಾಯಕ ಪ್ರಾಧ್ಯಾಪಕರು ೪ ಮಂದಿಗಿಂತ ಹೆಚ್ಚು ಅಭ್ಯರ್ಥಿಗಳನ್ನು ಏಕಕಾಲದಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಯಸಿದ ಗುರುವಿನ ಬಳಿ ಸ್ಥಳವೇ ಇಲ್ಲದಿದ್ದರೆ ಊರು ಎಷ್ಟು ಚೆಂದವಿದ್ದೇನು?

ಹೀಗೆ ವಿಭಾಗವನ್ನು ನೋಡಲು ಹೋದ ದಿನವೇ ವಾಸದ ಸ್ಥಳವನ್ನೂ ನೋಡಿ ಬರತಕ್ಕದ್ದು. ಅದನ್ನು ಹಗಲು ಹನ್ನೊಂದು ಗಂಟೆಗೆ ನೋಡಿದರೆ ಏನೂ ತಿಳಿಯದು. ದೀಪ ಹಚ್ಚಿದ ಮೇಲೆ ಪ್ರಯೋಗಶಾಲೆಯಿಂದ ಕೊಠಡಿಯವರೆಗೆ ಒಮ್ಮೆ ನಡೆದು ನೋಡಬೇಕು. ಬೀದಿದೀಪವುಂಟೇ, ಬಸ್ಸು ಎಷ್ಟು ಹೊತ್ತಿನವರೆಗೆ ಬರುತ್ತದೆ, ದಾರಿಯಲ್ಲಿ ತೆರೆದಿರುವ ಅಂಗಡಿಗಳು ಯಾವುವು ಎಂಬುದು ಆಗಲೇ ಗೊತ್ತಾಗುವುದು. ಒಳಗೆ ಹೋದ ಮೇಲೆ ಚಿಲಕ ಒಳಗಿನಿಂದ ಭದ್ರವಾಗಿ ಬೀಳುವುದೇ, ಬೆಂಕಿ ಬಿದ್ದರೆ ಹೊರಬರಲು ಇನ್ನೊಂದು ದಾರಿಯುಂಟೇ, ಕಿಟಕಿಯ ಕಂಬಿಗಳೇ ಆ ದಾರಿಯನ್ನು ಮುಚ್ಚಿವೆಯೇ, ನಿಲಯಪಾಲಕಿ ರಾತ್ರಿಯೂ ಅಲ್ಲಿಯೇ ಇರುವವಳೇ ಎಂದು ನೋಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮನೆಯೊಡೆಯನನ್ನು ಬಿಟ್ಟು ಅಲ್ಲಿ ಇರುವ ಹುಡುಗಿಯರನ್ನೇ ಏಕಾಂತದಲ್ಲಿ ಕೇಳಬೇಕು. ಮುಂಗಡ ಹಣಕ್ಕೆ ರಸೀತಿ, ಕರಾರಿಗೆ ಬರಹ—ಇವಿಲ್ಲದೆ ಒಂದು ರೂಪಾಯಿಯನ್ನೂ ಕೊಡಲಾಗದು. ಬೆಂಗಳೂರಿನ ಪೇಯಿಂಗ್ ಗೆಸ್ಟ್ ಮನೆಗಳಿಗೆ ೨೦೨೪ರಲ್ಲಿ ಆಗಿನ ಮಹಾನಗರ ಪಾಲಿಕೆಯು ಪರವಾನಗಿ, ಕ್ಯಾಮೆರಾ, ತಲೆಗೆ ಕನಿಷ್ಠ ೭೦ ಚದರಡಿ ಸ್ಥಳ ಮುಂತಾದ ನಿಬಂಧನೆಗಳನ್ನು ಹಾಕಿತು. ಅನ್ಯ ಊರಿನಲ್ಲಿಯೂ ಕೊಠಡಿಯನ್ನು ಅಳೆಯಲು ಇದು ಒಳ್ಳೆಯ ಅಳತೆಗೋಲು.

ಕಾನೂನಿನ ಆಶ್ರಯವೂ ಉಂಟು, ತಿಳಿದವರು ಕಡಿಮೆ. ರ‍್ಯಾಗಿಂಗ್ ಎಂಬ ಪೀಡೆಯನ್ನು ತಡೆಯಲು ಆಯೋಗವು ೨೦೦೯ರಲ್ಲಿ ಮಾಡಿದ ನಿಯಮಗಳು ಕಾಲೇಜಿನ ಆವರಣಕ್ಕೆ ಮಾತ್ರ ಸೀಮಿತವಲ್ಲ. ಹೊರಗಿನ ವಸತಿಗೂ ಪ್ರಯಾಣದ ವಾಹನಕ್ಕೂ ಅನ್ವಯಿಸುತ್ತವೆ. ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ಕಿರುಕುಳದ ದೂರುಗಳಿಗಾಗಿ ಪ್ರತಿ ಸಂಸ್ಥೆಯಲ್ಲಿಯೂ ಆಂತರಿಕ ಸಮಿತಿ ಇರಬೇಕೆಂದು ೨೦೧೫ರ ನಿಯಮವು ವಿಧಿಸುತ್ತದೆ. ಆ ಸಮಿತಿಯ ಸದಸ್ಯರು ಯಾರೆಂದು ಕಚೇರಿಯಲ್ಲಿ ಕೇಳಿದಾಗ ಗುಮಾಸ್ತರು ಒಬ್ಬರ ಮುಖವನ್ನೊಬ್ಬರು ನೋಡಿದರೆ, ಉತ್ತರ ಅಲ್ಲಿಯೇ ಸಿಕ್ಕಿದಂತೆ.

ಇಲ್ಲಿ ಭಕ್ತರಿಗೆ ಸ್ವಲ್ಪ ಕಹಿಯಾಗುವ ಮಾತೊಂದಿದೆ. ಸುರಕ್ಷಿತತೆಯೆಂದರೆ ಬೀಗವೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಹುಡುಗರ ನಿಲಯದ ಬಾಗಿಲು ತೆರೆದಿರುವಾಗಲೇ ಹುಡುಗಿಯರ ನಿಲಯದ ಬಾಗಿಲು ಸಂಜೆ ಮುಚ್ಚಿದರೆ, ಗ್ರಂಥಾಲಯವು ರಾತ್ರಿಯವರೆಗೆ ತೆರೆದಿದ್ದೂ ಅವಳ ಪಾಲಿಗೆ ಇಲ್ಲದಂತೆಯೇ ಸರಿ; ಅರ್ಧ ಮಾಡಿದ ಪ್ರಯೋಗವನ್ನು ಬಿಟ್ಟು ಓಡಿ ಬರಬೇಕು. ೨೦೧೫ರಲ್ಲಿ ದೆಹಲಿಯ ವಿದ್ಯಾರ್ಥಿನಿಯರು ಈ ತಾರತಮ್ಯದ ವಿರುದ್ಧ ‘ಪಿಂಜರಾ ತೋಡ್’ ಎಂಬ ಚಳವಳಿಯನ್ನು ಹೂಡಿದರು. ರಕ್ಷಣೆಯ ನೆಪದಿಂದ ಹುಡುಗಿಯರ ನಿಲಯಗಳಿಗೆ ಬೇರೆ ಕಟ್ಟಳೆಗಳನ್ನು ಹೇರಬಾರದೆಂದು ಮೇಲೆ ಹೇಳಿದ ೨೦೧೫ರ ನಿಯಮದಲ್ಲಿಯೇ ಉಂಟು. ಉಡುತಡಿಯಿಂದ ಕಲ್ಯಾಣದವರೆಗೆ ಒಬ್ಬಳೇ ನಡೆದು ಬಂದ ಅಕ್ಕಮಹಾದೇವಿಯನ್ನು ಅನುಭವಮಂಟಪಕ್ಕೆ ಬರಮಾಡಿಕೊಂಡ ಪರಂಪರೆಯವರಿಗೆ ಇದು ಹೊಸದಾಗಿ ತೋರಬೇಕಾಗಿಲ್ಲ. ಅವಳ ಹೆಸರನ್ನೇ ಹೊತ್ತ ಮಹಿಳಾ ವಿಶ್ವವಿದ್ಯಾಲಯವು ೨೦೦೩ರಲ್ಲಿ ವಿಜಯಪುರದಲ್ಲಿ ಹುಟ್ಟಿದೆ. ಮನೆಯವರ ಮನಸ್ಸು ಒಲಿಯದ ಕಡೆ ಅದೊಂದು ದಾರಿ.

ಮನೆಯಿಂದಲೇ ಓಡಾಡುವುದು ಮತ್ತೊಂದು ದಾರಿ. ೨೦೨೩ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹೊರೆ ಇಳಿಯಿತು. ಸಮೀಪದ ಹಳ್ಳಿಯವರಿಗೆ ಇದು ದೊಡ್ಡ ಉಪಕಾರ. ಆದರೆ ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲಿ ನಿಂತು, ಮನೆಗೆ ಬಂದು ರೊಟ್ಟಿ ಬಡಿದು ಓದಲು ಕುಳಿತವಳಿಗೆ ನಿದ್ರೆಯೇ ಮೊದಲು ಬರುತ್ತದೆ.

ಶ್ರೀಮಠದ ಈ ಮಹೋತ್ಸವದಲ್ಲಿ ಹೊಸ ಕಟ್ಟಡಗಳ ಮಾತು ಬಂದೇ ಬರುತ್ತದೆ, ಬರಲಿ. ಕಟ್ಟಡಕ್ಕೆ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಧಾರವಾಡ, ಬೆಳಗಾವಿ, ಕಲಬುರಗಿ, ವಿಜಯಪುರ, ತುಮಕೂರು, ಮೈಸೂರು, ಬೆಂಗಳೂರುಗಳಲ್ಲಿ ಮಠದ ಭಕ್ತರ ಮನೆಗಳಿವೆ. ಪ್ರವೇಶದ ದಿನದಿಂದ ನಿಲಯದ ಕೊಠಡಿ ಸಿಕ್ಕುವವರೆಗೆ, ಆ ಮೂರು ನಾಲ್ಕು ವಾರಗಳ ಮಟ್ಟಿಗೆ, ಜಾತಿಯನ್ನು ಕೇಳದೆ ಒಬ್ಬ ವಿದ್ಯಾರ್ಥಿನಿಯನ್ನು ಇಟ್ಟುಕೊಳ್ಳಬಲ್ಲವರು ಎಷ್ಟು ಮಂದಿ ಎಂಬ ಪಟ್ಟಿಯೊಂದು ಮಠದಲ್ಲಿರಬೇಕು. ಪಟ್ಟಿಗೆ ಸೇರಿಸುವ ಮೊದಲು ಒಬ್ಬ ಹಿರಿಯ ತಾಯಿ ಹೋಗಿ ಆ ಮನೆಯನ್ನು, ಮನೆಯವರನ್ನು, ದಾರಿಯನ್ನು ನೋಡಿ ಬರಬೇಕು; ಇದ್ದು ಹೋದ ಹುಡುಗಿಯನ್ನು ಮುಂದಿನ ವರ್ಷ ಕೇಳಿ, ಅವಳು ಬೇಡವೆಂದ ಮನೆಯ ಹೆಸರನ್ನು, ಅದು ಎಂಥ ದೊಡ್ಡ ಭಕ್ತರದೇ ಆಗಿದ್ದರೂ, ಕಾರಣವನ್ನು ಕೆದಕದೆ ತೆಗೆದುಹಾಕಬೇಕು.