ಹೆಂಚಿನ ಮನೆ ಮಾರಾಟಕ್ಕಿದೆ: ಜಾಹೀರಾತಿನಲ್ಲಿ ಇಲ್ಲದ ಮಾತುಗಳು

ಇವತ್ತು ಒಂದು ಜಾಹೀರಾತು ಓದ್ತೀನಿ, ಕೇಳಿ. ‘ಮಲೆನಾಡಿನ ಮಡಿಲಲ್ಲಿ ಹಳೇ ಕಾಲದ ತೊಟ್ಟಿ ಮನೆ. ಮರದ ಕಂಬಗಳು, ಮಂಗಳೂರು ಹೆಂಚು, ಫಸಲು ಬರುವ ಒಂದೂವರೆ ಎಕರೆ ಅಡಿಕೆ ತೋಟ, ಹಿಂದೆ ಎರಡು ಎಕರೆ ಕಾಡು, ವರ್ಷವಿಡೀ ನೀರು. ಹೋಮ್‌ಸ್ಟೇಗೆ ಹೇಳಿ ಮಾಡಿಸಿದ ಜಾಗ.’

ಇಂಥದ್ದು ನಿಮ್ಮ ಫೋನಿಗೂ ಬಂದಿರುತ್ತೆ. ‘ಕೆಲಸ ಬಿಟ್ಟು ಇಲ್ಲಿಗೇ ಹೋಗಿಬಿಡೋಣ ಕಣೋ’ ಅಂತ ನಾಲ್ಕು ಜನಕ್ಕೆ ಕಳಿಸಿಯೂ ಇರ್ತೀರಿ. ಆದರೆ ಈ ಜಾಹೀರಾತು ಬರೆದದ್ದು ನನ್ನ ಸೋದರಮಾವ. ಮನೆ ಇರೋದು ಸಾಗರ ತಾಲೂಕಿನಲ್ಲಿ, ನನ್ನ ಅಮ್ಮನ ತವರು. ಮಾವನಿಗೆ ಈಗ ಅರವತ್ತೆಂಟು. ಅತ್ತೆ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿದೆ, ಮರ ಹತ್ತಿ ಔಷಧಿ ಹೊಡೆಯೋಕೆ ಜನ ಸಿಗಲ್ಲ. ಹಾಗಾಗಿ ಮಾರಾಟ. ಇದರಲ್ಲಿ ಯಾರನ್ನೂ ದೂರುವಂಥದ್ದಿಲ್ಲ.

ಮೊದಲು ನೋಡೋಕೆ ಬಂದ ದಲ್ಲಾಳಿ ಜಗುಲಿ ದಾಟಿ ಒಳಗೇ ಬರಲಿಲ್ಲವಂತೆ. ಎಷ್ಟು ಮರ, ಎಷ್ಟು ವರ್ಷದ್ದು, ಲಾರಿ ಅಂಗಳದವರೆಗೆ ಬರುತ್ತಾ, ಬೇಸಿಗೆಯಲ್ಲಿ ಬಾವಿ ಎಷ್ಟು ಇಳಿಯುತ್ತೆ. ಇಷ್ಟೇ ಪ್ರಶ್ನೆ. ಕೊನೆಗೆ ಒಂದು ಮಾತು: ‘ಮನೆಗೆ ಏನೂ ಹಿಡಿಯೋಕೆ ಬರಲ್ಲ ಮಾರಾಯ್ರೇ, ಮರದ ರೇಟು ಬೇಕಾದ್ರೆ ಹೇಳ್ತೀನಿ.’ ಫೋಟೊಗಳೆಲ್ಲ ಮನೆಯದ್ದು, ಬೆಲೆಯೆಲ್ಲ ಜಮೀನಿನದ್ದು. ಹಳ್ಳಿ ಮನೆ ಕೊಳ್ಳೋ ಆಸೆ ಇರೋರು ಇದನ್ನ ಮೊದಲು ತಿಳ್ಕೊಳ್ಳಿ.

ಈ ಮನೆ ಮೊದಲಿಂದ ಇಲ್ಲೇ ಇದ್ದದ್ದಲ್ಲ. ಅಜ್ಜನ ಮೂಲ ಊರು ಶರಾವತಿ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ಹಿನ್ನೀರಿನಲ್ಲಿ ಮುಳುಗಿತು. ಅದಕ್ಕೂ ಮೊದಲೇ ಅಜ್ಜ ಮನೆ ಬಿಚ್ಚಿಸಿದ್ರು. ಕಂಬ, ತೊಲೆ, ಬಾಗಿಲುವಾಡ, ಹೆಂಚು, ಒಂದೊಂದಾಗಿ ಗಾಡಿಗೆ ಹೇರಿ ತಂದು ಇಲ್ಲಿ ಮತ್ತೆ ಜೋಡಿಸಿದ್ರು. ತೊಟ್ಟಿಯ ಕಂಬಗಳ ಬುಡ ನೋಡಿದರೆ ಉಳಿಯಲ್ಲಿ ಕೆತ್ತಿದ ಗೀರುಗಳು ಕಾಣ್ತವೆ. ಒಂದು ಗೀರು, ಎರಡು ಗೀರು, ಮೂರು. ಯಾವುದು ಎಲ್ಲಿ ನಿಲ್ಲಬೇಕು ಅಂತ ಆಚಾರಿ ಹಾಕಿದ ಗುರುತು. ಹೆಂಚಂತೂ ಆಗಲೇ ಹಳತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕಡೆಯ ಹುಲ್ಲು, ಸೋಗೆ ಮಾಡುಗಳ ಜಾಗಕ್ಕೆ ನಿಧಾನವಾಗಿ ಬಂದದ್ದು ಇದೇ ಕೆಂಪು ಹೆಂಚು.

ಇನ್ನು ಕಾಗದ ಪತ್ರ. ಬೋರು ಅನ್ಸಿದ್ರೂ ಎರಡು ನಿಮಿಷ ಇರಿ. ಮುಳುಗಡೆಯಾಗಿ ಬಂದ ಎಷ್ಟೋ ಕುಟುಂಬಗಳಿಗೆ ಕೊಟ್ಟದ್ದು ಅರಣ್ಯ ಭೂಮಿ. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿದು, ಮೂರನೇ ತಲೆಮಾರು ಬಂದರೂ ಹಕ್ಕುಪತ್ರಕ್ಕೆ ಅಲೆಯುತ್ತಿರೋರು ಇದ್ದಾರೆ. ಮನೆ ಇದೆ, ತೋಟ ಇದೆ, ಮಾರೋಕೆ ಮಾತ್ರ ಆಗಲ್ಲ. ನಮ್ಮ ಅಜ್ಜನ ತೋಟಕ್ಕೆ ಪಹಣಿ ಇದೆ, ಅದು ಅದೃಷ್ಟ. ಆದರೆ ಜಾಹೀರಾತಿನ ‘ಎರಡು ಎಕರೆ ಕಾಡು’ ಇದೆಯಲ್ಲ, ಅದು ಸೊಪ್ಪಿನಬೆಟ್ಟ. ತೋಟದವರು ಸೊಪ್ಪು, ದರಕು ತಂದುಕೊಳ್ಳಬಹುದು. ಜಾಗ ಸರ್ಕಾರದ್ದು. ‘ಮಾವ, ಅದನ್ನ ತೆಗೀರಿ’ ಅಂದೆ. ‘ಎಲ್ರೂ ಹಾಗೇ ಹಾಕ್ತಾರೋ’ ಅಂತ ಗೊಣಗಿ ತೆಗೆದ್ರು. ನೀವು ಜಾಗ ನೋಡೋಕೆ ಹೋದಾಗ ದಿಶಾಂಕ್ ಆ್ಯಪ್ ತೆರೆದು ನಿಂತಲ್ಲೇ ಸರ್ವೆ ನಂಬರ್ ನೋಡಿ. ಬೇಲಿ ಇರೋ ಜಾಗಕ್ಕೂ ಪಹಣಿಯ ಜಾಗಕ್ಕೂ ಎಷ್ಟು ದೂರ ಅನ್ನೋ ಮೊದಲ ಅಂದಾಜು ಸಿಗುತ್ತೆ. ಆಮೇಲೆ ಸರ್ವೆಯವರನ್ನ ಕರೆಸಿ.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಬೆಂಗಳೂರಿನ ಕಾರುಗಳು ನಮ್ಮ ಅಂಗಳದವರೆಗೆ ಬರೋಕೆ ಅದೂ ಒಂದು ಕಾರಣ.

ಆಮೇಲೆ ಹೆಣ್ಣುಮಕ್ಕಳ ಸಹಿ. ಅಜ್ಜ ಉಯಿಲು ಬರೆದಿರಲಿಲ್ಲ. ಖಾತೆಯಲ್ಲಿ ಇರೋದು ಮಾವನ ಹೆಸರೊಂದೇ. ಆದರೆ ನನ್ನ ಅಮ್ಮನಿಗೂ ಚಿಕ್ಕಮ್ಮನಿಗೂ ಪಾಲಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತ್ತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಕೊಳ್ಳೋರು ವಂಶವೃಕ್ಷ ಕೇಳಿ, ಅಕ್ಕತಂಗಿಯರೆಲ್ಲ ಸಹಿ ಹಾಕಿದ್ದಾರಾ ನೋಡಿ. ‘ಅವರೆಲ್ಲ ಮದುವೆಯಾಗಿ ಹೋಗಿದ್ದಾರೆ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಅಮ್ಮ ಇನ್ನೂ ಸಹಿ ಹಾಕಿಲ್ಲ. ದುಡ್ಡಿನ ಮಾತಲ್ಲ ಅದು. ಕೊಳ್ಳೋಕೆ ಇಬ್ಬರು ಬಂದಿದ್ದಾರೆ. ಒಬ್ಬರು ಬೆಂಗಳೂರಿನ ಗಂಡ-ಹೆಂಡತಿ, ಐಟಿ ಕೆಲಸ, ಮನೆ ನೋಡಿ ನಿಜಕ್ಕೂ ಮರುಳಾಗಿದ್ದಾರೆ. ಒಂದು ಕಂಬವನ್ನೂ ಮುಟ್ಟಲ್ಲ, ತಿಂಗಳಿಗೊಮ್ಮೆ ಬರ್ತೀವಿ ಅಂದಿದ್ದಾರೆ. ಇನ್ನೊಬ್ಬರು ಪಕ್ಕದ ಊರಿನ ತೋಟದವರು. ಸ್ವಲ್ಪ ಕಡಿಮೆ ಕೊಡ್ತಾರೆ, ತೋಟ ತಾವೇ ಮಾಡ್ತಾರೆ. ಹಳೇ ಮನೆ ಬಿಚ್ಚಿ, ಮಗನಿಗೆ ಕಟ್ಟಿಸುತ್ತಿರೋ ಮನೆಗೆ ಕಂಬ, ತೊಲೆ ಹಾಕ್ತಾರಂತೆ.

ನೀವು ಬೆಂಗಳೂರಿನವರಿಗೇ ಕೊಡಿ ಅಂತೀರಿ. ಅಮ್ಮನೂ ಮೊದಲು ಹಾಗೇ ಅಂದಳು. ನನಗೆ ಹಾಗನ್ಸಲ್ಲ. ಹೆಂಚಿನ ಮನೆ ಉಳಿಯೋದು ಬೀಗದಿಂದ ಅಲ್ಲ, ಹೊಗೆಯಿಂದ. ದಿನಾ ಒಲೆ ಉರಿದು, ಬಚ್ಚಲಲ್ಲಿ ಹಂಡೆ ಕಾದು, ಆ ಹೊಗೆ ಅಟ್ಟದಲ್ಲಿ ಸುತ್ತಾಡಿದರೆ ಪಕಾಸಿ, ರೀಪು ಒಣಗಿರ್ತವೆ, ಹುಳ ಹತ್ತಲ್ಲ. ಮಳೆ ಹಿಡಿಯೋ ಮೊದಲು ಮಾಡು ಹತ್ತಿ ಹೆಂಚು ಕೈಯಾಡಿಸಬೇಕು, ಒಡೆದದ್ದನ್ನ ತೆಗೆದು ಬೇರೆ ಇಡಬೇಕು. ಎರಚಲು ಹೊಡೆಯದ ಹಾಗೆ ಜಗುಲಿಗೆ ತಟ್ಟಿ ಕಟ್ಟಬೇಕು. ಮಂಗ ಓಡಾಡಿ ಒಂದೇ ಒಂದು ಹೆಂಚು ಜರುಗಿದರೂ ಅದೇ ಜಾಗದಲ್ಲಿ ತಿಂಗಳುಗಟ್ಟಲೆ ನೀರು ಸೋರುತ್ತೆ, ತೊಲೆ ಕುಂಬಾಗುತ್ತೆ. ಮಾವ ಇದ್ದರೆ ರಾತ್ರಿಯೇ ಪಾತ್ರೆ ಇಟ್ಟು, ಬೆಳಿಗ್ಗೆ ಏಣಿ ಹಾಕ್ತಾರೆ. ಬೀಗ ಹಾಕಿದ ಮನೆಯಲ್ಲಿ ಅದನ್ನ ಕೇಳಿಸಿಕೊಳ್ಳೋರು ಯಾರು? ನಮ್ಮ ಕೇರಿಯಲ್ಲೇ ಹಾಗೆ ಮುಚ್ಚಿಟ್ಟ ಎರಡು ಮನೆ ಕೆಲವೇ ಮಳೆಗಾಲದಲ್ಲಿ ಬೆನ್ನು ಮುರ್ಕೊಂಡು ಕೂತಿವೆ. ಮಣ್ಣಿನ ಗೋಡೆ ಒಮ್ಮೆ ನೆನೆದರೆ ಮುಗೀತು.

‘ಹಾಗಾದ್ರೆ ನೀನೇ ಇಟ್ಕೋ’ ಅಂತ ಚಿಕ್ಕಮ್ಮ ಕೇಳಿದ್ರು. ನಾನೂ ಬೆಂಗಳೂರಿನವನೇ, ವರ್ಷಕ್ಕೆ ನಾಲ್ಕು ಸಲ ಹೋಗೋನು. ನನ್ನ ಬೀಗವೂ ಬೀಗವೇ.

ಕಂಬಗಳು ಒಮ್ಮೆ ನೀರು ತಪ್ಪಿಸಿಕೊಂಡು ಬಂದಿವೆ. ಎರಡನೇ ಸಲ ಯಾರದೋ ಅಡುಗೆಮನೆಯ ಹೊಗೆಯ ಹತ್ತಿರ ಹೋಗಿ ನಿಲ್ಲಲಿ ಅನ್ನೋದು ನನ್ನ ಮಾತು. ಮಾವನಿಗೆ ಸರಿ ಕಂಡಿದೆ. ಚಿಕ್ಕಮ್ಮ ಮಾತಾಡಿಲ್ಲ. ಅಮ್ಮ ಹಬ್ಬ ಮುಗಿಸಿ ಸಾಗರಕ್ಕೆ ಹೋಗ್ತಾಳಂತೆ. ಪಕ್ಕದ ಊರಿನವರ ಹತ್ತಿರ ಅವಳಿಗೆ ಕೇಳೋದು ಒಂದೇ ಇದೆ: ಬಿಚ್ಚೋಕೆ ಯಾವ ಆಚಾರಿನ ಕರೀತೀರಿ, ಅವನಿಗೆ ಆ ಗೀರುಗಳು ಓದೋಕೆ ಬರುತ್ತಾ?