ಹಿಂಡು ಕಾಯುವ ನಾಯಿ ಮತ್ತು ಹುಳುವಿನ ಸುತ್ತು



ಕಣಕುಂಬಿಯ ಬೆಟ್ಟಗಳಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ, ರಾಮದುರ್ಗಗಳ ಬಯಲಿಗೆ ಇಳಿಯುವಾಗ ಅದರ ದಂಡೆಯಲ್ಲಿ ಕುರಿಹಿಂಡುಗಳು ಕಾಣುತ್ತವೆ. ಬೈಲಹೊಂಗಲ, ಕಿತ್ತೂರು ಭಾಗದಲ್ಲಿಯೂ ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ನಿಲ್ಲಿಸುವುದುಂಟು. ಹಿಂಡು ಕಾಯುವ ನಾಯಿ ಸೊರಗಿ, ಪದೇ ಪದೇ ಭೇದಿಯಾದರೆ ‘ಏನೋ ತಿಂದಿರಬೇಕು’ ಎಂದು ಸುಮ್ಮನಾಗುವುದು ಸುಲಭ. ಆದರೆ ಕೊಕ್ಕೆಹುಳು ರಕ್ತ ಹೀರಿದಾಗ ಮಲ ಕಪ್ಪಾಗುತ್ತದೆ, ಒಸಡು ಬಿಳಿಚುತ್ತದೆ, ಮರಿಗಳು ಸಾಯುವುದೂ ಉಂಟು. ದುಂಡುಹುಳು ಮರಿ ಹುಟ್ಟುವ ಮುನ್ನವೇ ತಾಯಿಯಿಂದ ದಾಟುತ್ತದೆ. ಆದಕಾರಣ 2 ವಾರದ ಮರಿಗೇ ಜಂತುಹುಳುವಿನ ಔಷಧ ಆರಂಭಿಸಿ, 8 ವಾರದವರೆಗೆ 2 ವಾರಕ್ಕೊಮ್ಮೆ ಕೊಡಬೇಕು, ಜೊತೆಗೆ ತಾಯಿಗೂ.

ಇದಕ್ಕಿಂತ ಗಂಭೀರವಾದುದು ಎಕಿನೊಕಾಕಸ್ ಎಂಬ ಕಿರು ಲಾಡಿಹುಳು. ನಾಯಿಯ ಕರುಳಿನಲ್ಲಿ ಅದು ಬಹುಮಟ್ಟಿಗೆ ಸದ್ದಿಲ್ಲದೆ ಇರುತ್ತದೆ. ಅದರ ಮೊಟ್ಟೆಗಳು ಮಲದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ ಸೇರಿ, ಯಕೃತ್ತು ಮತ್ತು ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗುತ್ತವೆ. ಕುರಿ ಕೊಯ್ದವರು ಆ ಅಂಗಗಳನ್ನು ಹಸಿಯಾಗಿಯೇ ನಾಯಿಗೆ ಎಸೆದರೆ ಸುತ್ತು ಪೂರ್ಣವಾಯಿತು. ಮೊಟ್ಟೆ ಬಾಯಿಗೆ ಹೋದ ಮನುಷ್ಯನಲ್ಲಿಯೂ ಇದೇ ಗುಳ್ಳೆ ವರ್ಷಗಟ್ಟಲೆ ಬೆಳೆದು ಶಸ್ತ್ರಚಿಕಿತ್ಸೆಯವರೆಗೆ ಒಯ್ಯಬಹುದು.

ಈ ಸುತ್ತನ್ನು ಕಡಿಯುವ ಕೀಲಿ ಕುರಿಗಾರರ ಕೈಯಲ್ಲಿಯೇ ಇದೆ. ಗುಳ್ಳೆಯುಳ್ಳ ಅಂಗಗಳನ್ನು ಸುಡಬೇಕು, ಇಲ್ಲವೆ ನಾಯಿ ಕೆದರದಷ್ಟು ಆಳದಲ್ಲಿ ಹೂಳಬೇಕು. ಎಲ್ಲ ಜಂತುನಾಶಕಗಳೂ ಈ ಹುಳುವನ್ನು ಕೊಲ್ಲುವುದಿಲ್ಲ. ಪಶುವೈದ್ಯರು ತೂಕ ನೋಡಿ ಹೇಳಿದಷ್ಟು ಪ್ರಾಜಿಕ್ವಾಂಟೆಲ್ ಬೇಕು. ಔಷಧದ ನಂತರವೂ ಭೇದಿ ನಿಲ್ಲದಿದ್ದರೆ ಮಲಪರೀಕ್ಷೆ ಮಾಡಿಸಬೇಕು, ಕಾರಣ ಬೇರೆಯೂ ಇರಬಹುದು. ಮಕ್ಕಳು ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆದೇ ಉಣ್ಣಬೇಕು.

ನಾಯಿಯನ್ನು ಓಡಿಸುವುದು ಪರಿಹಾರವಲ್ಲ. ರಾತ್ರಿಯಿಡೀ ಹಿಂಡು ಕಾಯುವ ಜೀವಕ್ಕೆ ಒಂದು ಗುಳಿಗೆಯ ಋಣವಾದರೂ ಸಲ್ಲಬೇಕು.